ಅಕ್ಕ ಸಂಚಿ ಬಿಚ್ಚಿದ್ದು

ನಮ್ಮ ಶೆಟ್ಟಿಹಳ್ಳಿಯಲ್ಲಿ ನಾನು ನಕಲು ಮಾಡದೆ ಬಿಟ್ಟ ಮನುಷ್ಯ ಒಬ್ಬನೂ ಇರಲಿಲ್ಲ. ಪಂಚಾಯ್ತಿ ಚೇರ್ಮನ್ನರು ಮೂರು ಸಲ ಕೆಮ್ಮಿ ಒಂದು ಮಾತಾಡುವುದು, ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ನಮ್ಮ ಫೋರ್‌ಮನ್ನು ಇಂಗ್ಲಿಷಿನಲ್ಲಿ ಬೈದು ತಮಿಳಿನಲ್ಲಿ ಸಮಾಧಾನ ಮಾಡುವುದು, ನಮ್ಮಪ್ಪ ಎತ್ತನ್ನು ಕರೆಯುವ ಅಕ್ಕರೆಯಲ್ಲಿ ಕಾಲುಭಾಗವೂ ಇಲ್ಲದಂತೆ ನನ್ನನ್ನು ಕರೆಯುವುದು, ಎಲ್ಲವೂ ನನ್ನ ಗಂಟಲಲ್ಲೇ ವಾಸವಾಗಿದ್ದವು. ನನ್ನನ್ನೇ ನಾನು ಆಡಿ ತೋರಿಸುವುದೂ ಉಂಟು. ಹತ್ತೊಂಬತ್ತು ವರ್ಷದ ಅಪ್ರೆಂಟಿಸು, ಫ್ಯಾಕ್ಟರಿಯ ದೊಗಳೆ ಪ್ಯಾಂಟಿನೊಳಗೆ ಎರಡು ಕಡ್ಡಿ ಕಾಲು, ಸೈಕಲ್ ಹತ್ತುವ ಮುಂಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿ, ಯಾರೂ ಇಲ್ಲವೆಂದು ಬೇಜಾರಾಗಿ ಹತ್ತುವ ಪ್ರಾಣಿ.

ಇಷ್ಟೆಲ್ಲ ಕೊಚ್ಚಿಕೊಂಡ ಮೇಲೆ ಒಂದು ನಿಜವನ್ನೂ ಹೇಳಿಬಿಡುತ್ತೇನೆ. ಈ ವಿದ್ಯೆಯಲ್ಲಿ ನನ್ನನ್ನು ಸೋಲಿಸಿದವಳು ಒಬ್ಬಳಿದ್ದಾಳೆ. ನನ್ನ ಅಕ್ಕ. ಆ ಸೋಲಿನ ಬಗ್ಗೆ ನನಗಿರುವಷ್ಟು ಹೆಮ್ಮೆ ನನ್ನ ಯಾವ ಗೆಲುವಿನ ಬಗ್ಗೆಯೂ ಇಲ್ಲ. ಗೆಲುವುಗಳೇ ಕಡಿಮೆ ಎನ್ನುವುದು ಬೇರೆ ಮಾತು.

ಅಸಲಿಗೆ ನನಗೆ ಹೇಳಿಕೊಟ್ಟವಳೇ ಅವಳು. ಮದುವೆಗೆ ಮುಂಚೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ ಇಡೀ ಊರನ್ನು ಆಡಿ ತೋರಿಸುತ್ತಿದ್ದಳು. ನಾಗಸಂದ್ರದಿಂದ ಹೆಣ್ಣು ನೋಡಲು ಬಂದಿದ್ದವರಲ್ಲಿ ನಮ್ಮ ಭಾವ ಉಪ್ಪಿಟ್ಟಿನ ಮೆಣಸಿನಕಾಯಿ ಕಚ್ಚಿ, ಉಗಿಯಲು ನಾಚಿಕೆಯಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ್ದರು. ಅವರ ಗಾಡಿ ಊರು ದಾಟುವ ಮೊದಲೇ ಅಕ್ಕ ಅದನ್ನು ಮಾಡಿ ತೋರಿಸಿ ಅವ್ವನಿಗೆ ನಕ್ಕು ನಕ್ಕು ಬಿಕ್ಕಳಿಕೆ ಬರಿಸಿದ್ದಳು. “ನಗಿಸೋಕೆ ದೊಡ್ಡದ್ನ ಇಡೀಬಾರ್ದು ಕಣ್ಲಾ, ಚಿಕ್ಕದ್ನ ಇಡೀಬೇಕು. ಕೈ ಎಲ್ಲಿ ಮಡಗ್ತಾರೆ ನೋಡು, ಅಷ್ಟು ಸಾಕು” ಅನ್ನುತ್ತಿದ್ದಳು. ಅದೊಂದೇ ಪಾಠ. ಮಿಕ್ಕಿದ್ದೆಲ್ಲ ನನ್ನ ತಲೆಹರಟೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಅವಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಗಂಡನ ಮನೆ ಎರಡು ಮೈಲಿ ಆಚೆಗೆ, ನಮ್ಮ ಹುಂಜ ಕೂಗಿದರೆ ಅವರು ಏಳಬಹುದು. ಆದರೂ ಗಾಡಿ ಕಟ್ಟಿಸಿ, ಮಡಿಲು ತುಂಬಿಸಿ, ದೂರದ ದೇಶದಿಂದ ಬಂದ ಹಾಗೆ ಕರೆದುಕೊಂಡು ಬಂದೆವು. ಗಂಡು ಮಗು ಹುಟ್ಟಿತು. ಅಪ್ಪ ಹೊಲದ ಕೆಲಸ ಬಿಟ್ಟು ಒಂದು ದಿನ ಸುಮ್ಮನೆ ಓಡಾಡಿದ. ಅಜ್ಜಿ ನೀರು ಕಾಯಿಸುವ ಹಂಡೆಯ ಮುಂದೆ ಸೇನಾಪತಿಯಂತೆ ಕೂತಳು. ಅಕ್ಕ ಮಾತ್ರ ಮಾತು ಬಿಟ್ಟಳು.

ಒಂದೇ ಸಲಕ್ಕೆ ಅಲ್ಲ. ಮೊದಲ ವಾರ ಸುಸ್ತು ಅಂದರು. ಎರಡನೇ ವಾರ ಸುಮ್ಮಸುಮ್ಮನೆ ಅತ್ತಳು. ಆಮೇಲೆ ಅಳುವುದೂ ನಿಂತು, ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯನ್ನು ನೋಡುತ್ತಾ ಕೂರುತ್ತಿದ್ದಳು. ಮಗು ಅತ್ತರೆ, ಪಕ್ಕದ ಮನೆಯದು ಅಳುತ್ತಿದೆಯೇನೋ ಅನ್ನುವ ಹಾಗೆ ಕೇಳಿಸಿಕೊಳ್ಳುತ್ತಿದ್ದಳು. ಗಾಳಿ ಸೋಕಿದೆ ಅಂದರು ಒಬ್ಬರು. ಬಾಣಂತಿ ಸನ್ನಿ ಅಂದರು ಇನ್ನೊಬ್ಬರು. ಸೋಮಾರಿತನ ಅಂದವರೂ ಇದ್ದರು. ಅವರ ನಕಲನ್ನು ನಾನು ಇವತ್ತಿಗೂ ಮನಸ್ಸಿಟ್ಟು ಮಾಡುತ್ತೇನೆ.

ನಾಗಸಂದ್ರದಿಂದ ಅವಳ ಅತ್ತೆ ಮಗು ನೋಡಲು ಬಂದರು. ಗಟ್ಟಿ ಹೆಂಗಸು, ಕೂತ ಕಡೆಯಿಂದಲೇ ಎಮ್ಮೆ, ಸೊಸೆ, ಗಂಡ ಮೂವರನ್ನೂ ಆಳುವಂಥವರು. ಅಕ್ಕನನ್ನು ಒಂದು ಗಳಿಗೆ ನೋಡಿ ಅವ್ವನನ್ನು ನಡುಮನೆಗೆ ಕರೆದರು. “ನೋಡವ್ವ, ಐದು ತಿಂಗ್ಳಿಗೆ ತಾಯಿ ಕೂಸ್ನ ಕಳಿಸ್ಕೊಡಿ. ಅಷ್ಟ್ರಲ್ಲಿ ಇವ್ಳು ಸರಿ ಆದ್ರೆ ಸರಿ. ಇಂಗೇ ಇದ್ರೆ ಕೂಸ್ನ ನಾವ್ ಸಾಕ್ಕೊತೀವಿ, ಇವ್ಳು ನಿಮ್ಮಲ್ಲೇ ಇರ್ಲಿ.” ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಕೇಳಿಸಿತು ಅಂದಮೇಲೆ ಅಕ್ಕನಿಗೂ ಕೇಳಿಸಿರಬೇಕು. ಅವಳು ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಚೊಚ್ಚಲ ಹೆರಿಗೆಯಾದ ಹೆಣ್ಣಿಗೆ ಮನೆಯ ಹಿರಿಯಳು ತನ್ನ ಕೈಯಾರೆ ಒಂದು ಸಂಚಿ ಹೊಲಿದುಕೊಡಬೇಕು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬಟ್ಟೆಯ ಚೀಲ, ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ, ಹೊಗೆಸೊಪ್ಪಿಗೆ ಒಂದೊಂದು ಅರೆ. ಸಂಚಿ ಬಂತು ಅಂದರೆ ಅವಳು ದೊಡ್ಡವರ ಸಾಲಿಗೆ ಸೇರಿದಳು ಅಂತ. ನಾಲ್ಕು ಹೆಂಗಸರು ಕೂತಾಗ ಸಂಚಿ ಬಿಚ್ಚಿ ಒಬ್ಬರಿಗೊಬ್ಬರು ಕೊಡುವುದೇ ಮಾತಿನ ಆರಂಭ. ಅಜ್ಜಿ ತನ್ನ ಹಳೆಯ ಕೆಂಪು ಸೀರೆಯ ಅಂಚಿನಿಂದ ಅಕ್ಕನಿಗೆ ಸಂಚಿ ಹೊಲಿದಳು. ಮೊದಲನೆಯ ಎಲೆಯನ್ನು ತಾನೇ ಮಡಿಸಿ, ಸೊಪ್ಪಿನ ಚೂರನ್ನು ಒಳಗಿಟ್ಟು ಬಾಯಿಗೆ ಕೊಟ್ಟಳು. “ಅಗಿಯವ್ವ. ಸೀತ ಒಡಿಯಾಕಿಲ್ಲ, ಅಲ್ಲು ಗಟ್ಟಿ ಆಯ್ತದೆ, ತಲೇನೂ ಅಗುರಾಯ್ತದೆ.”

ಅಕ್ಕನಿಗೆ ತಲೆ ಸುತ್ತಿತು, ಬೆವರಿತು. ಆಮೇಲೆ ಗೋಡೆಗೆ ಒರಗಿ ಉಸಿರು ಬಿಟ್ಟಳು. ಅದೇ ಹೊತ್ತಿಗೆ ನಾನು ಎದುರಿಗೆ ನಿಂತು ಭಾವನ ಉಪ್ಪಿಟ್ಟಿನ ಮೆಣಸಿನಕಾಯಿ ಮಾಡುತ್ತಿದ್ದೆ. ವಾರದಿಂದ ದಿನಾ ಮಾಡುತ್ತಿದ್ದೆ, ಗೋಡೆಯೇ ನಕ್ಕರೂ ಅವಳು ನಕ್ಕಿರಲಿಲ್ಲ. ಅವತ್ತು ಅವಳ ತುಟಿಯ ಒಂದು ತುದಿ ಮೇಲಕ್ಕೆ ಹೋಯಿತು.

ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ನು ಕಲಿಯುತ್ತಿದ್ದ ನನ್ನ ಬುದ್ಧಿ ಅಲ್ಲಿಗೇ ಲೆಕ್ಕ ಮುಗಿಸಿತು. ಸೊಪ್ಪು ಹಾಕಿದರೆ ಅಕ್ಕ ನಗುತ್ತಾಳೆ. ಸ್ವಿಚ್ಚು ಒತ್ತಿದರೆ ಮಿಷನ್ನು ತಿರುಗಿದ ಹಾಗೆ. ಅಲ್ಲಿಂದ ಪ್ರತಿ ವಾರ ಶಿಫ್ಟು ಮುಗಿಸಿ ಯಶವಂತಪುರದ ಮಾರ್ಕೆಟ್ಟಿಗೆ ಸೈಕಲ್ ತುಳಿದು, ಮೂಸಿ ಮೂಸಿ, ಒಳ್ಳೆಯ ಖಾರದ ಹೊಗೆಸೊಪ್ಪಿನ ಎಸಳು ಆರಿಸಿ ತರುತ್ತಿದ್ದೆ. “ನಮ್ಮಕ್ಕಂಗೆ” ಎಂದು ಅಂಗಡಿಯವನಿಗೆ ಎದೆಯುಬ್ಬಿಸಿ ಹೇಳುತ್ತಿದ್ದೆ. ಅವಳಿಗೆ ಔಷಧಿ ತರುವ ತಮ್ಮ ನಾನು. ಮೂರು ಲೋಕದಲ್ಲಿ ನನ್ನಂಥ ತಮ್ಮ ಇಲ್ಲ.

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಅಕ್ಕನ ಕೆನ್ನೆಯಲ್ಲಿ ಸೊಪ್ಪು ಇಲ್ಲದ ಗಳಿಗೆ ಇರಲಿಲ್ಲ. ತುಟಿಯ ತುದಿ ಮೇಲೆ ಹೋಗುವುದು ಎಂದೋ ನಿಂತಿತ್ತು. ಅನ್ನ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಸಂಚಿ ಒಂದು ಗಳಿಗೆ ಕಾಣದಿದ್ದರೆ ಅವ್ವನ ಮೇಲೆ ಹಾರಿಬೀಳುತ್ತಿದ್ದಳು. ಮಗು ಹಾಲು ಕುಡಿದು ಕಣ್ಣು ಮುಚ್ಚುವ ಬದಲು ಕೈಕಾಲು ಬಡಿದು ಚೀರುತ್ತಿತ್ತು. ಅಜ್ಜಿ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಮನೆಯವರೆಲ್ಲ ಕೆಮ್ಮಿದೆವು, ಮಗು ಇನ್ನೂ ಜೋರಾಗಿ ಚೀರಿತು. ನಾನು ಇನ್ನೂ ಖಾರದ ಸೊಪ್ಪು ತಂದೆ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ನಾಲ್ಕಾರು ಜನ ಸೇರಿದ್ದರು. “ಇವತ್ತು ಯಾರ್ದು ಗುರು?” ಅಂದ ಒಬ್ಬ. ಚೇರ್ಮನ್ನರದು ಹಳತಾಗಿತ್ತು. ನನ್ನ ಬಾಯಿಗೆ ಬ್ರೇಕು ಯಾವತ್ತೂ ಇರಲಿಲ್ಲ. ಟವೆಲ್ಲನ್ನು ಕಿವಿಗೆ ಕಟ್ಟಿಕೊಂಡು ಕಂಬಕ್ಕೆ ಒರಗಿ ಕೂತೆ. ಕಣ್ಣನ್ನು ಎದುರಿನ ಗೋಡೆಗೆ ನೆಟ್ಟೆ. ಪಕ್ಕದಲ್ಲಿ ಮಗು ಚೀರುವ ದನಿಯನ್ನು ನಾನೇ ತೆಗೆದೆ. ಕೈ ಸೊಂಟಕ್ಕೆ ಹೋಯಿತು, ಸಂಚಿಯನ್ನು ಮುಟ್ಟಿ ವಾಪಸು ಬಂತು. ಮತ್ತೆ ಹೋಯಿತು. ಮೂರನೇ ಸಲ ಸೊಪ್ಪು ಹರಿದು ಕೆನ್ನೆಗಿಟ್ಟು ಗೋಡೆಯನ್ನು ನೋಡಿದೆ. ಜನ ಬಿದ್ದು ಬಿದ್ದು ನಕ್ಕರು. ಇದ್ದಕ್ಕಿದ್ದಂತೆ ನಗು ನಿಂತಿತು. ನನ್ನ ಹಿಂದೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

“ನಾನು ಅಂಗಾ ಇರೋದು?” ಅಂದಳು. ಅಷ್ಟು ದಿನದಲ್ಲಿ ಅವಳಾಗಿಯೇ ನನ್ನೊಂದಿಗೆ ಆಡಿದ ಮೊದಲ ಮಾತು.

ಜನ ಟವೆಲ್ಲು ಕೊಡವಿಕೊಂಡು ಎದ್ದು ಹೋದರು. ನಾನು ಕಿವಿಗೆ ಕಟ್ಟಿದ್ದ ಟವೆಲ್ಲು ಬಿಚ್ಚತೊಡಗಿದೆ.

“ಇನ್ನೊಂದ್ಸಲ ಮಾಡು.”

“ಬ್ಯಾಡ ಕಣಕ್ಕ. ತಪ್ಪಾಯ್ತು.”

“ಮಾಡೋ!”

ಮಾಡಿದೆ. ಮಗುವಿನ ದನಿ ಸರಿಯಾಗಿ ಬರಲಿಲ್ಲ. ಅಕ್ಕ ರೆಪ್ಪೆ ಹೊಡೆಯದೆ ನೋಡಿದಳು. “ಮೂರು ಸಲ ಸಂಚಿ ಮುಟ್ಟಿದೆ. ಮಗೀನ ಒಂದು ಸಲಾನೂ ನೋಡ್ಲಿಲ್ಲ ನೀನು.”

“ನೀನು ಮಾಡಿದ್ನೇ ಮಾಡ್ದೆ ಅಕ್ಕ” ಅಂದೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ವಾಪಸು ನುಂಗಬೇಕು ಅನ್ನಿಸಿದ್ದು ಅದೊಂದೇ. ಅವಳು ಒಳಗೆ ಹೋದಳು. ಆ ದಿನ ನಾನು ಯಾರ ನಕಲನ್ನೂ ಮಾಡಲಿಲ್ಲ. ಅವ್ವ ಬಂದು ಹಣೆ ಮುಟ್ಟಿ ಜ್ವರ ನೋಡಿದಳು.

ಹೆರಿಗೆಯಾದ ಮನೆಗಳಿಗೆ ವಾರಕ್ಕೊಮ್ಮೆ ಸರ್ಕಾರದ ನರ್ಸಮ್ಮ ಒಬ್ಬರು ಬರುತ್ತಿದ್ದರು. ಯಶವಂತಪುರ ಕಡೆಯ ಸಾಬರ ಮನೆಯವರು, ಬಿಳಿ ಸೀರೆ, ಕಪ್ಪು ಕೊಡೆ, ಕನ್ನಡ ಮಾತಾಡಿದರೂ ಉರ್ದುವಿನ ಧಾಟಿ. ಅಜ್ಜಿ ಅವರನ್ನು ಜಗಲಿ ದಾಟಿ ಒಳಗೆ ಬಿಟ್ಟಿರಲಿಲ್ಲ. “ಎಲ್ಲ ಚೆನ್ನಾಗವ್ರೆ, ಓಗಿ ಬನ್ನಿ” ಅಷ್ಟೇ. ಆ ವಾರವೂ ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು. ಒಳಗಿನಿಂದ ಅಕ್ಕನ ದನಿ ಬಂತು. “ನರ್ಸಮ್ಮ, ಒಳಕ್ಕೆ ಬನ್ನಿ.”

ಅವರು ಮಗುವನ್ನು ತೂಗಿ ನೋಡಲಿಲ್ಲ, ಬೈಯಲಿಲ್ಲ. ಅಕ್ಕನ ಪಕ್ಕ ಚಾಪೆಯ ಮೇಲೆ ಕೂತು ಕೇಳುತ್ತಾ ಹೋದರು. ಅಕ್ಕ ಹೇಳುತ್ತಾ ಹೋದಳು. ಮಗುವನ್ನು ನೋಡಿದರೆ ಪ್ರೀತಿ ಬರಬೇಕಲ್ಲ, ಬರುತ್ತಿಲ್ಲ, ತಾನು ಎಂಥ ತಾಯಿ ಅಂತ ಅತ್ತಳು. ನಾವು ಮನೆಯವರು ಎರಡು ತಿಂಗಳಲ್ಲಿ ಅದನ್ನು ಒಂದು ಸಲವೂ ಕೇಳಿರಲಿಲ್ಲ.

“ನೋಡಮ್ಮಾ ಬೇಟಾ” ಅಂದರು ನರ್ಸಮ್ಮ. “ಇದು ದೆವ್ವ ಅಲ್ಲ, ನಿನ್ ತಪ್ಪೂ ಅಲ್ಲ. ಹೆತ್ತೋರಲ್ಲಿ ಎಷ್ಟೋ ಜನಕ್ಕೆ ಹಿಂಗಾಗೋದು ನಾನು ನೋಡಿದೀನಿ. ಹೋಗತ್ತೆ, ಟೈಮ್ ಹಿಡಿಯತ್ತೆ. ಆದ್ರೆ ಈ ಸೊಪ್ಪು ನಿನ್ ಬೇಜಾರು ತೆಗೆಯಲ್ಲ. ಅರ್ಧ ಗಂಟೆ ಮುಚ್ಚಿಡತ್ತೆ, ಆಮೇಲೆ ಇನ್ನೂ ಕೆಳಗೆ ಎಳೀತದೆ. ನೀನು ಅಗಿದಿದ್ದು ಹಾಲಲ್ಲಿ ಮಗೂಗೂ ಹೋಗ್ತದೆ. ಅದಕ್ಕೇ ಅದು ಹಂಗೆ ಒದ್ದಾಡೋದು. ಮಗು ಮೇಲೆ, ನಿನ್ ಮೇಲೆ ಕೆಟ್ಟ ಯೋಚನೆ ಏನಾದ್ರೂ ಬಂದ್ರೆ ಮುಚ್ಚಿಡಬೇಡ. ಆ ಗಳಿಗೇಲೇ ಹೇಳು, ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡ್ ಹೋಗ್ತೀನಿ.” ಅವ್ವನ ಕಡೆ ತಿರುಗಿದರು. “ಇವಳಿಗೆ ಮೊದಲು ನಿದ್ದೆ ಕೊಡಿ. ಹಾಲಿಗೆ ಮಾತ್ರ ಮಗು ಇವಳ ಹತ್ರ. ಮಿಕ್ಕಿದ್ ಹೊತ್ತು ನೀವು ಎತ್ಕೊಳ್ಳಿ.” ನಾನು ದೊಡ್ಡ ಮನುಷ್ಯನಂತೆ ತಲೆಯಾಡಿಸುತ್ತಾ ಮಗುವಿಗೆ ಕೈ ಚಾಚಿದೆ. ಅವರು ಮೂಗು ಮುರಿದರು. “ಬೀಡಿ ವಾಸ್ನೆ! ಆ ಬಾಯಿ ಇಟ್ಕೊಂಡು ಮಗು ಹತ್ರ ಬರಬೇಡ ನೀನು.”

ಅಜ್ಜಿಗೆ ತಡೆಯಲಾಗಲಿಲ್ಲ. “ನಾನು ಏಳು ಎತ್ತಿವ್ನಿ ಕಣವ್ವ. ಏಳು ಬಾಣಂತನಾನೂ ಸೊಪ್ಪು ಅಗ್ದೇ ಮಾಡಿದ್ದು.”

“ಬೇಜಾರು ಆಗಿರ್ಲಿಲ್ವಾ ಅಜ್ಜಿ ನಿಮಗೆ?” ಎಂದು ಕೇಳಿದರು ನರ್ಸಮ್ಮ, ಮೆಲ್ಲಗೆ.

ಅಜ್ಜಿ ತನ್ನ ಸಂಚಿಯ ದಾರ ತಿರುವಿದಳು. “ಮೊದಲ್ನೇದಕ್ಕೆ ಆಗಿತ್ತು. ಇವ್ಳಂಗೇ. ಬಾವಿ ಕಟ್ಟೆ ತಾವ ಓಗಿ ಕೂತ್ಕೊತಿದ್ದೆ. ಯಾರೂ ಯಾಕೆ ಅಂತ ಕೇಳ್ಲಿಲ್ಲ. ನಮ್ಮತ್ತೆ ಬಂದು ಸಂಚಿ ಕೊಟ್ಳು. ಅವ್ಳಿಗೆ ಗೊತ್ತಿದ್ದ ಮದ್ದು ಅದೇ.”

ನಮ್ಮ ಮನೆಯಲ್ಲಿ ಸಂಚಿ ಯಾಕೆ ಬಂತು ಅಂತ ಅವತ್ತು ಗೊತ್ತಾಯಿತು. ನರ್ಸಮ್ಮ ಅಜ್ಜಿಯ ಕೈ ಹಿಡಿದುಕೊಂಡರು. ಅಕ್ಕ ಗೋಡೆಯನ್ನು ಬಿಟ್ಟು ಅಜ್ಜಿಯನ್ನು ನೋಡಿದಳು. ಸೊಂಟದಿಂದ ಕೆಂಪಂಚಿನ ಸಂಚಿ ಬಿಚ್ಚಿ, ಸೊಪ್ಪಿನ ಅರೆಯನ್ನು ಮಗುಚಿ ಒಲೆಗೆ ಸುರಿದಳು. ಖಾಲಿ ಸಂಚಿಯನ್ನು ಮಡಿಸಿ ಮತ್ತೆ ಸೊಂಟಕ್ಕೇ ಸಿಕ್ಕಿಸಿಕೊಂಡಳು. “ಸಂಚಿ ಇರ್ಲಿ ಅಜ್ಜಿ. ನೀನು ಒಲ್ದು ಕೊಟ್ಟಿದ್ದು.”

ಅಲ್ಲಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಅಕ್ಕ ಬಂದು ನನ್ನ ಕಿವಿ ಹಿಂಡುತ್ತಾಳೆ. ಮೊದಲ ನಾಲ್ಕು ದಿನ ಮನೆಯಲ್ಲಿ ಹುಲಿ ಸಾಕಿದ ಹಾಗಿತ್ತು. ತಲೆ ಸಿಡಿಯುತ್ತಿತ್ತು, ಕೈ ನಡುಗುತ್ತಿತ್ತು. ನನ್ನ ಕಡೆ ಹಿತ್ತಾಳೆ ಲೋಟ ಎಸೆದಳು. ಗುರಿ ಚೆನ್ನಾಗಿತ್ತು, ಹುಬ್ಬಿನ ಮೇಲಿನ ಗುರುತು ಇನ್ನೂ ಇದೆ. ಐದನೆಯ ದಿನ ನಾನು ಶಿಫ್ಟು ಮುಗಿಸಿ ಬಂದಾಗ ಬಾಗಿಲಲ್ಲೇ ಹಿಡಿದಳು. ಕೈ ಸಂಚಿಯ ಮೇಲಿತ್ತು, ಖಾಲಿ ಸಂಚಿಯನ್ನೇ ಹಿಂಡುತ್ತಿದ್ದಳು.

“ಬಾರ್ಲಾ ಇಲ್ಲಿ. ಅವ್ಳನ್ನ ತೋರ್ಸು.”

“ಯಾರ್ನ?”

“ಅವ್ಳೇ. ಗೋಡೆ ನೋಡೋಳ್ನ.”

ಟವೆಲ್ಲು ಕಟ್ಟಿಕೊಂಡು ಕೂತೆ. ಈ ಸಲ ನಗಿಸಲು ಅಲ್ಲ. ಅಕ್ಕ ಎದುರಿಗೆ ಕೂತು ನನ್ನನ್ನು ತಿದ್ದತೊಡಗಿದಳು. “ಕೈ ಅಂಗಲ್ಲ ಕಣೋ, ಇನ್ನೂ ನಡುಗ್ಬೇಕು. ಸಂಚಿ ಮುಟ್ಟೋಕ್ ಮುಂಚೆ ಅವ್ವ ನೋಡ್ತವ್ಳಾ ಅಂತ ನೋಡ್ಬೇಕು. ಥೂ, ನಿಂದೇನು ಬಾಣಂತಿಯೋ, ಬಸ್ಸಿಗೆ ಕಾಯೋನ ತರ ಕೂತಿದೀಯ.” ನನ್ನನ್ನು ತಿದ್ದುವಷ್ಟರಲ್ಲಿ ಸೊಪ್ಪಿನ ಆಸೆಯ ಅಲೆ ದಾಟಿಹೋಗಿತ್ತು. ಅದು ಅವಳಿಗೂ ಗೊತ್ತಾಯಿತು. ಆಮೇಲೆ ಸೊಪ್ಪಿನ ನೆನಪು ಬಂದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ಊಟದ ನಡುವೆ, ಸೈಕಲ್ ಒರೆಸುವಾಗ, ಒಂದು ಸಲ ನಾನು ಬಚ್ಚಲಲ್ಲಿ ಸೋಪು ಹಚ್ಚಿಕೊಂಡಿದ್ದಾಗ. ನಾನು ಫ್ಯಾಕ್ಟರಿಯಲ್ಲಿರುವ ಹೊತ್ತಿಗೆ ಅವ್ವ ಸೊಂಟದ ಮೇಲೆ ಕೈಯಿಟ್ಟು ನನ್ನ ಬದಲಿಗೆ ಮಾಡಲು ನೋಡಿದಳಂತೆ. “ಅವ್ವಂಗೆ ಬರಲ್ಲ. ಗೋಡೆ ನೋಡು ಅಂದ್ರೆ ಜೇಡರ ಬಲೆ ಕಂಡು ಪೊರಕೆ ತರೋಕೆ ಓದ್ಳು” ಎಂದು ಅಕ್ಕ ಹೇಳಿ ನಕ್ಕಳು. ಪೂರ್ತಿ ನಗು, ಹಲ್ಲು ಕಾಣುವ ಹಾಗೆ. ಅವ್ವ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯ ಹೊಗೆ ಅಂದಳು. ಒಲೆ ಹಚ್ಚಿರಲಿಲ್ಲ.

ಮಂಕು ಕವಿದ ದಿನಗಳು ಆಮೇಲೂ ಬಂದವು. ಅಂಥ ದಿನ ಅಕ್ಕ “ಇವತ್ತು ಆಗಲ್ಲ” ಅಂತ ಬಾಯಿಬಿಟ್ಟು ಹೇಳುತ್ತಿದ್ದಳು. ನಾವು ಮಗುವನ್ನು ಎತ್ತಿಕೊಳ್ಳುತ್ತಿದ್ದೆವು, ಅವಳು ಮಲಗುತ್ತಿದ್ದಳು. ನರ್ಸಮ್ಮ ವಾರಕ್ಕೆ ಎರಡು ಸಲ ಬಂದರು. ಅಜ್ಜಿಯೇ ಅವರಿಗೆ ಮಣೆ ಹಾಕಿದಳು. ಮಗು ಹಾಲು ಕುಡಿದು ಕಣ್ಣು ಮುಚ್ಚುವುದನ್ನು ಕಲಿಯಿತು. ಒಂದು ಮಧ್ಯಾಹ್ನ ಅಕ್ಕ ಅದರ ಪುಟ್ಟ ಆಕಳಿಕೆಯನ್ನು ಆಡಿ ತೋರಿಸಿದಳು, ಕೊನೆಯಲ್ಲಿ ತುಟಿ ಮುಂದೆ ಬರುವುದೂ ಸೇರಿದಂತೆ. ಅದನ್ನು ಹಿಡಿಯಬೇಕಾದರೆ ಮಗುವನ್ನು ಎಷ್ಟು ಹೊತ್ತು ನೋಡಿರಬೇಕು ಎಂದು ನನಗೆ ಆಮೇಲೆ ಹೊಳೆಯಿತು.

ನನ್ನ ಬೀಡಿಯ ಕಥೆಯನ್ನು ನುಂಗಿಬಿಡೋಣ ಅಂದುಕೊಂಡಿದ್ದೆ, ಆಗುವುದಿಲ್ಲ. “ನೀನೂ ಬಿಡು” ಅಂದಿದ್ದಳು ಅಕ್ಕ. ಮಗುವಿನ ತಲೆ ಮುಟ್ಟಿ ಬಿಟ್ಟೆ ಅಂದೆ, ಮಾರನೇ ದಿನವೇ ಫ್ಯಾಕ್ಟರಿ ಗೋಡೆಯ ಹಿಂದೆ ಹಚ್ಚಿದೆ. ಬಂದ ಕೂಡಲೇ ಮೂಸಿದಳು. “ಎಲ್ಲಾರ್ದೂ ಮಾಡ್ತೀಯಲ್ಲ, ಬೀಡಿ ಬಿಟ್ಟೋನ್ದು ಒಂದು ನಕಲು ಮಾಡಿ ತೋರ್ಸು ನೋಡಾನ.” ಎಷ್ಟು ತಿಣುಕಿದರೂ ಆ ಪಾತ್ರ ನನಗೆ ಬರಲಿಲ್ಲ. ಬರಲು ಇನ್ನೂ ಎರಡು ವರ್ಷ ಹಿಡಿಯಿತು. ಅವಳು ಕೂಸು ಹೊತ್ತುಕೊಂಡು ದಾಟಿದ್ದನ್ನು ನಾನು ಬರಿಗೈಲಿ ದಾಟಲು.

ಐದು ತಿಂಗಳಿಗೆ ಗಾಡಿ ಕಟ್ಟಿ ನಾಗಸಂದ್ರಕ್ಕೆ ಹೊರಟೆವು. ಅಕ್ಕ, ಮಗು, ಅವ್ವ, ನಾನು. ಅಕ್ಕನ ಸೊಂಟದಲ್ಲಿ ಸಂಚಿ ಇತ್ತು. ಅತ್ತೆಯ ಮನೆಯ ನಡುಮನೆಯಲ್ಲಿ ಏಳೆಂಟು ಹೆಂಗಸರು ಸುತ್ತ ಕೂತಿದ್ದರು. ಕೂಸು ನೋಡುವ ನೆಪ, ಎಲ್ಲರ ಕಣ್ಣೂ ತಾಯಿಯ ಮೇಲೆ. ಅತ್ತೆ ತಮ್ಮ ಸಂಚಿ ಬಿಚ್ಚಿದರು. ಅಕ್ಕನೂ ಬಿಚ್ಚಬೇಕು, ಮರ್ಯಾದೆ. ಬಿಚ್ಚಿದಳು. ಎಲೆ ಇತ್ತು, ಹುರಿದ ಓಮ ಇತ್ತು, ಸೋಂಪು ಇತ್ತು.

“ಸೊಪ್ಪೆಲ್ಲವ್ವ?” ಅಂದರು ಅತ್ತೆ.

“ಬಿಟ್ಟೆ ಅತ್ತೆ.”

“ಬಿಟ್ಟಾ? ಎಳೇ ಬಾಣಂತಿ ಬಾಯಿ ಬರಿದಾಗಿರ್ಬಾರ್ದು. ತಕ್ಕೋ, ನಂದು ಒಳ್ಳೆ ಸೊಪ್ಪು.” ಎಸಳು ಮುರಿದು ಕೈ ಚಾಚಿದರು. ಒಂದು ಬೆರಳಿನಷ್ಟು ಕರಿ ಎಲೆ, ಅದರ ಘಾಟು ನನ್ನ ಮೂಗಿಗೂ ಬಡಿಯಿತು. ತೆಗೆದುಕೊಳ್ಳದಿದ್ದರೆ ಅತ್ತೆಗೆ ಅವಮಾನ, ತೆಗೆದುಕೊಂಡರೆ ಅಷ್ಟೂ ದಿನದ ಕಷ್ಟ ಮಣ್ಣುಪಾಲು. ಅಕ್ಕನ ಕೈ ಮೇಲಕ್ಕೆದ್ದಿತು. ಬೆರಳು ಸಣ್ಣಗೆ ನಡುಗಿದ್ದು ನನಗೆ ಕಂಡಿತು. ಆ ನಡುಕವನ್ನು ನನ್ನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಆ ಕೈ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿತು. “ಇಡ್ಕಳ್ಳಾ” ಅಂದಳು ಅಕ್ಕ. “ಅತ್ತೆ, ನೀವು ನಮ್ಮನೇಗೆ ಬಂದಾಗ ನಾನು ಎಂಗಿದ್ದೆ ಗೊತ್ತಾ?” ಸೆರಗನ್ನು ಕಿವಿಗೆ ಸುತ್ತಿ ಕಂಬಕ್ಕೆ ಒರಗಿ ಕೂತಳು.

ಕಣ್ಣು ಗೋಡೆಗೆ ಹೋಯಿತು. ನಾನು ಅಷ್ಟು ಸಲ ಮಾಡಿದ್ದೆಲ್ಲ ಅವಳ ಮುಂದೆ ಬೊಂಬೆಯಾಟ. ಕೈ ಸೊಂಟಕ್ಕೆ ಹೋಯಿತು, ಯಾರಾದರೂ ನೋಡುತ್ತಾರಾ ಎಂದು ಕಣ್ಣು ನೋಡಿತು, ಕೈ ಹಿಂದಕ್ಕೆ ಬಂತು. ಹೆಂಗಸರು ಮೊದಲು ನಕ್ಕರು. ಎರಡನೇ ಸಲಕ್ಕೆ ನಗು ಇಳಿಯಿತು. ಮೂರನೇ ಸಲಕ್ಕೆ ಒಬ್ಬಾಕೆ ತನ್ನ ಸಂಚಿಯ ಮೇಲಿದ್ದ ಕೈಯನ್ನು ತನಗೇ ಗೊತ್ತಿಲ್ಲದೆ ತೆಗೆದುಕೊಂಡಳು. ಆಗ ಅಕ್ಕ ನಾನು ಯಾವತ್ತೂ ಮಾಡಿರದ ಒಂದನ್ನು ಮಾಡಿದಳು. ಗೋಡೆಯಿಂದ ಕತ್ತನ್ನು ನಿಧಾನ ತಿರುಗಿಸಿ, ನನ್ನ ಮಡಿಲಲ್ಲಿದ್ದ ಮಗುವನ್ನು ನೋಡಿದಳು. ಮಗು ಅವಳನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅದೇ ಗಳಿಗೆಯಲ್ಲಿ ನನ್ನ ಹೊಸ ಪ್ಯಾಂಟನ್ನೂ ಒದ್ದೆ ಮಾಡಿತು.

ಅತ್ತೆ ಮುರಿದ ಎಸಳನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಅದನ್ನು ತಮ್ಮ ಸಂಚಿಗೆ ವಾಪಸು ಹಾಕಿ ದಾರ ಬಿಗಿದರು.

“ಒಂಚೂರು ಓಮ ಕೊಡವ್ವ” ಅಂದರು ಸೊಸೆಗೆ. “ಕೂಸ್ನ ಆ ಒದ್ದೆ ಮುಂಡೇದರ ತಾವಿಂದ ಎತ್ಕೋ ಮೊದ್ಲು.”

ಅಕ್ಕನನ್ನೂ ಮಗುವನ್ನೂ ಬಿಟ್ಟು ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಕಾದಿದ್ದಳು, ಕೆನ್ನೆಯಲ್ಲಿ ಸೊಪ್ಪು. ಅವಳಿಗೆ ಬಿಡಲಾಗಲಿಲ್ಲ, ಬಿಡು ಅಂತ ನಾವೂ ಪೀಡಿಸಲಿಲ್ಲ. “ಏನಾಯ್ತ್ಲಾ?” ಅಂದಳು. ಬಾಯಲ್ಲಿ ಹೇಳಿದರೆ ಸಾಲದು ಅಂತ ನಾನು ಕಂಬಕ್ಕೆ ಒರಗಿ ಅಕ್ಕ ಮಾಡಿದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸಿದೆ. ಕೊನೆಯಲ್ಲಿ ಕತ್ತು ತಿರುಗಿಸಿದೆ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ತಲೆಯಾಡಿಸಿದಳು.

“ಊಹೂಂ. ನಿನ್ ಕೈಲಿ ಆಗಲ್ಲ ಬಿಡು. ಅದು ಅವ್ಳದೇ.”